ಹತ್ತೊಂಬತ್ತು ನಡೆ

ಚೆಸ್ ಆಟದಲ್ಲಿ ಗೆದ್ದವರಿಗೆ ಒಂದು ಅಂಕ, ಸೋತವರಿಗೆ ಸೊನ್ನೆ, ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ. ಆ ಅರ್ಧ ಅಂಕವನ್ನು ಎರಡು ವರ್ಷದ ಹಿಂದೆ ನಾನು ಒಂದು ಹುಡುಗಿಯ ಕೈಯಿಂದ ಕಸಿದುಕೊಂಡೆ. ಕಸಿದುಕೊಂಡದ್ದು ನಾನು, ಹೆಸರು ಕೆಡಿಸಿಕೊಂಡದ್ದು ಮೊಬೈಲಿನ ಒಂದು ಪ್ರೋಗ್ರಾಮು. ಅದಕ್ಕೆ ಬಾಯಿ ಇದ್ದಿದ್ದರೆ ನನ್ನ ಮುಖಕ್ಕೆ ಉಗಿಯುತ್ತಿತ್ತು.

ನಾನು ಮಹಾಂತೇಶ. ಊರು ಇಳಕಲ್, ನೌಕರಿ ಹುನಗುಂದದ ಒಂದು ಹೈಸ್ಕೂಲಿನಲ್ಲಿ. ದೈಹಿಕ ಶಿಕ್ಷಕ. ಅಂದರೆ ಉಳಿದ ಮಾಸ್ತರರು ಬೇಡವೆಂದ ಕೆಲಸಗಳೆಲ್ಲ ನನ್ನವು. ಜಿಲ್ಲೆಯಲ್ಲಿ ಚೆಸ್ ಪಂದ್ಯಗಳಿಗೆ ತೀರ್ಪುಗಾರರು ಬೇಕೆಂದಾಗ ಪರೀಕ್ಷೆ ಕಟ್ಟಿ ಪಾಸಾದೆ. ಕೊರಳಿಗೆ ಬಿಲ್ಲೆ ಹಾಕಿಕೊಂಡು ಪಂದ್ಯದ ಹಾಲ್ ತುಂಬ ತಿರುಗುವಾಗ ಎದೆ ಎರಡು ಇಂಚು ಉಬ್ಬುತ್ತಿತ್ತು ಎಂದು ಹೇಳಲು ಈಗ ನಾಚಿಕೆಯಿಲ್ಲ.

ನಮ್ಮದು ನೇಕಾರರ ಓಣಿ. ನಮ್ಮಪ್ಪ ಕೈಮಗ್ಗ ಮಾರಿ ಪವರ್‌ಲೂಮ್ ಹಾಕಿದವನು. ಎದುರು ಮನೆಯ ಚಂದ್ರಶೇಖರಪ್ಪ ಮಾತ್ರ ಕೈಮಗ್ಗ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೂ ಬೆಳಿಗ್ಗೆ ಎದ್ದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುತ್ತಾರೆ. ನಾವೆಲ್ಲ ಅವರನ್ನು ಚಂದ್ರಕಾಕಾ ಎನ್ನುತ್ತೇವೆ. ನನಗೆ ಚೆಸ್ ಕಲಿಸಿದವರು ಅವರೇ. ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಬೋರ್ಡು, ನಾನು ಎದುರಿಗೆ ಚಕ್ಕಳಬಕ್ಕಳ ಹಾಕಿಕೊಂಡು. ಅವರು ನೇಯುತ್ತ ನೇಯುತ್ತಲೇ ಒಂದು ಕೈಯಿಂದ ಕಾಯಿ ಸರಿಸಿ ನನ್ನನ್ನು ಸೋಲಿಸುತ್ತಿದ್ದರು.

ಗೆಲ್ಲುವುದಕ್ಕಿಂತ ಹೆಚ್ಚಾಗಿ ಅವರು ಕಲಿಸಿದ್ದು ಸೋಲದೆ ಇರುವುದನ್ನು. ಎದುರಾಳಿಯ ಬಳಿ ಮಂತ್ರಿ ಉಳಿದಿದೆ, ನಮ್ಮಲ್ಲಿ ಬರೀ ಒಂದು ಆನೆ, ಒಂದೆರಡು ಕಾಲಾಳು ಇವೆ ಅಂದುಕೊಳ್ಳಿ. ಲೆಕ್ಕದ ಪ್ರಕಾರ ಸತ್ತ ಹಾಗೆಯೇ. ಆದರೆ ರಾಜನ ಬೆನ್ನಿಗೆ ಒಂದು ಕಾಲಾಳನ್ನು ಹಿಡಿದು, ಆ ಕಾಲಾಳಿನ ಕಾವಲಿನಲ್ಲಿ ಆನೆಯನ್ನು ನಿಲ್ಲಿಸಿ, ಆನೆಯನ್ನು ಎರಡೇ ಮನೆಗಳ ನಡುವೆ ಹೋಗಿ ಬಂದು ಮಾಡಿಸಿದರೆ ಮಂತ್ರಿ ಒಳಗೆ ಬರಲಾರದು. ಎದುರಿನ ರಾಜನೂ ಆನೆಯ ಗೆರೆ ದಾಟಲಾರ. ಇದಕ್ಕೆ ಕೋಟೆ ಎನ್ನುತ್ತಾರೆ.

"ಲಾಳಿ ಎಲ್ಲಿಗೆ ಹೊಕ್ಕೈತಿ? ಎಲ್ಲಿಗೂ ಇಲ್ಲ," ಎನ್ನುತ್ತಿದ್ದರು ಕಾಕಾ, ಮಗ್ಗದಲ್ಲಿ ನೂಲು ಹೊತ್ತು ಓಡಾಡುವ ಲಾಳಿಯನ್ನು ತೋರಿಸುತ್ತ. "ಈ ಕಡಿಂದ ಆ ಕಡೆ, ಆ ಕಡಿಂದ ಈ ಕಡೆ. ನೋಡಿದವರಿಗೆ ಹುಚ್ಚರಾಟ ಅನಸ್ತೈತಿ. ಸೀರಿ ಹುಟ್ಟೂದು ಮಾತ್ರ ಅದರಾಗನ."

ನನ್ನ ನಂತರ ಆ ಮಣೆಯ ಮುಂದೆ ಕೂತವಳು ಅವರ ಮೊಮ್ಮಗಳು ಚೇತನಾ. ನನಗೆ ಹತ್ತು ವರ್ಷ ಹಿಡಿದದ್ದು ಅವಳಿಗೆ ಎರಡು ವರ್ಷಕ್ಕೆ ಬಂತು. ಹದಿನಾರಕ್ಕೆ ನನ್ನನ್ನು ಸೋಲಿಸಿದಳು, ಹದಿನೇಳಕ್ಕೆ ಅಜ್ಜನನ್ನೂ, ಅವಳ ಬಾಯಲ್ಲಿ ಮುತ್ಯಾನನ್ನೂ, ಸೋಲಿಸಿದಳು. ಸೋತ ದಿನ ಮುತ್ಯಾ ಇಡೀ ಓಣಿಗೆ ಪೇಢೆ ಹಂಚಿದರು. ಅವಳಿಗೆ ಒಂದೇ ಆಸೆ ಇತ್ತು: ರಾಜ್ಯಮಟ್ಟದಲ್ಲಿ ಒಮ್ಮೆ ಆಡಬೇಕು. ಹತ್ತೊಂಬತ್ತರೊಳಗಿನ ಹುಡುಗಿಯರ ಜಿಲ್ಲಾ ಆಯ್ಕೆಯಲ್ಲಿ ಮೊದಲ ಎರಡು ಸ್ಥಾನ ಪಡೆದವರು ಹೋಗಬಹುದು. ಮೂರು ವರ್ಷದ ಹಿಂದೆ ಪಂದ್ಯದ ಹೊತ್ತಿಗೇ ಟೈಫಾಯಿಡ್ ಆಗಿ ದವಾಖಾನೆಯಲ್ಲಿದ್ದಳು. ನಾನು ಹೇಳುತ್ತಿರುವ, ಎರಡು ವರ್ಷದ ಹಿಂದಿನ ಪಂದ್ಯ ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಕೊನೆಯದು.

ಪಂದ್ಯ ಬಾಗಲಕೋಟೆಯ ಒಂದು ಕಲ್ಯಾಣ ಮಂಟಪದಲ್ಲಿ. ಮರುದಿನ ಅಲ್ಲಿ ಯಾರದೋ ಮದುವೆ. ಸಂಜೆ ಆರಕ್ಕೆ ಹಾಲ್ ಬಿಟ್ಟುಕೊಡಬೇಕೆಂದು ಮಾತಾಗಿತ್ತು. ಕೊನೆಯ ಸುತ್ತು ಮಧ್ಯಾಹ್ನ ಎರಡಕ್ಕೆ ಶುರುವಾಗಬೇಕಿತ್ತು. ಉದ್ಘಾಟನೆ ಮಾಡಿದವರ ಭಾಷಣ, ಸನ್ಮಾನ, ಊಟ ಎಲ್ಲ ಮುಗಿದು ಶುರುವಾದದ್ದು ಮೂರೂವರೆಗೆ. ಆರು ಹೊಡೆಯುವಾಗ ಒಂದೇ ಒಂದು ಆಟ ಉಳಿದಿತ್ತು, ಚೇತನಾಳದು. ಎದುರಿಗೆ ಬಾಗಲಕೋಟೆಯ ಹುಡುಗಿ ರಾಜಶ್ರೀ. ಚೇತನಾಳಿಗೆ ಅರ್ಧ ಅಂಕ ಸಿಕ್ಕರೆ ಎರಡನೇ ಸ್ಥಾನ. ಸಿಗದಿದ್ದರೆ ಆ ಸ್ಥಾನ ರಾಜಶ್ರೀಗೆ.

ಬೋರ್ಡಿನ ಮೇಲೆ ಏಳು ಕಾಯಿಗಳಿದ್ದವು. ಬಿಳಿಯ ರಾಜಶ್ರೀಗೆ ರಾಜ, ಮಂತ್ರಿ, ಒಂದು ಕಾಲಾಳು. ಕಪ್ಪಿನ ಚೇತನಾಳಿಗೆ ರಾಜ, ಆನೆ, ಎರಡು ಕಾಲಾಳು. ನಾನು ಹತ್ತಿರ ಹೋಗಿ ನೋಡಿದೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಕಾಕಾನ ಕೋಟೆ. ಒಂದು ಮನೆಯೂ ಆಚೀಚೆ ಇರಲಿಲ್ಲ. ಚೇತನಾ ಆನೆಯನ್ನು ಈ ಮನೆಯಿಂದ ಆ ಮನೆಗೆ ಸರಿಸುತ್ತಾಳೆ, ಗಡಿಯಾರ ಒತ್ತುತ್ತಾಳೆ, ಕೈ ಕಟ್ಟಿ ಕೂಡುತ್ತಾಳೆ. ರಾಜಶ್ರೀ ಮಂತ್ರಿಯನ್ನು ಒಂದೊಂದು ಸಲ ಒಂದೊಂದು ಕಡೆ ಒಯ್ದು ಬಾಗಿಲು ಹುಡುಕುತ್ತಾಳೆ. ಬಾಗಿಲೇ ಇಲ್ಲ.

ಚೆಸ್‌ನಲ್ಲಿ ಒಂದು ನಿಯಮವಿದೆ. ಐವತ್ತು ನಡೆಗಳವರೆಗೆ ಯಾರೂ ಒಂದು ಕಾಯಿ ಹೊಡೆಯದಿದ್ದರೆ, ಒಂದು ಕಾಲಾಳೂ ಮುಂದೆ ಸರಿಯದಿದ್ದರೆ ಆಟ ಡ್ರಾ. ಅವರು ನಡೆಗಳನ್ನು ಬರೆದುಕೊಳ್ಳುತ್ತಿದ್ದ ಹಾಳೆ ನೋಡಿ ಎಣಿಸಿದೆ. ಮೂವತ್ತೊಂದು ನಡೆ ಆಗಿದ್ದವು. ಇನ್ನು ಹತ್ತೊಂಬತ್ತು. ಅವರು ಆಡುತ್ತಿದ್ದ ವೇಗದಲ್ಲಿ ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಅಷ್ಟರಲ್ಲಿ ಮಂಟಪದವರು ಬಂದು ಕುರ್ಚಿ ಎತ್ತತೊಡಗಿದರು. ಹೂವಿನವರು ಏಣಿ ಹಾಕಿ ಚೆಂಡುಹೂವಿನ ಸರ ಕಟ್ಟತೊಡಗಿದರು. ಮ್ಯಾನೇಜರ್ ಕೀಲಿಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತ. "ಇನ್ನ ಎಷ್ಟೊತ್ತರಿ ಮಾಸ್ತರ? ಎರಡ ಹುಡುಗ್ಯಾರ ಸಲುವಾಗಿ ಇಡೀ ಮದವಿ ನಿಲ್ಲಸೂದೇನ್ರಿ?"

ರಾಜಶ್ರೀಯ ಅಪ್ಪ ಶ್ರೀಧರ ನೋಡುವವರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆಯಿಂದ ಒಳಗೇ ಬಂದುಬಿಟ್ಟ. ಬಾಗಲಕೋಟೆಯಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವನು, ಆ ಪಂದ್ಯಕ್ಕೆ ಟ್ರೋಫಿ ಕೊಟ್ಟವನೂ ಅವನೇ. ಮಾತು ಮೆತ್ತಗೆ, ಒಳಗೆ ಮುಳ್ಳು.

"ನೋಡ್ರಿ ಸರ, ಆ ಹುಡುಗಿ ಆಡಾಕತ್ತಿಲ್ಲ. ಟೈಮ್ ಪಾಸ್ ಮಾಡಾಕತ್ತಾಳ. ಅದೇ ಆನಿ, ಅದೇ ಎರಡ ಮನಿ. ಹಾಲ್ ಖಾಲಿ ಆಗಲಿ ಅಂತ ಕಾಯಾಕತ್ತಾಳ," ಎಂದ. ಆಮೇಲೆ ದನಿ ಇಳಿಸಿ, "ನಿಮ್ಮ ಓಣಿಯವಳಂತಲ್ಲರಿ? ಮಂದಿ ಮಾತಾಡತಾರ. ನಾ ಅಂತೂ ಏನೂ ಅನ್ನಂಗಿಲ್ಲ," ಎಂದ.

ಆ ಮಾತು ನನಗೆ ಚುಚ್ಚಿತು. ಓಣಿಯವಳು ಎಂಬ ಒಂದು ಪದ. ಇಡೀ ಜಿಲ್ಲೆ ನಾಳೆ ಮಹಾಂತೇಶ ಮಾಸ್ತರ ತನ್ನವರಿಗೆ ಅರ್ಧ ಅಂಕ ಕೊಟ್ಟ ಎನ್ನುತ್ತದೆ ಎಂದು ನನಗೆ ಕಂಡಿತು. ಇದು ಡ್ರಾ ಎಂದು ನನ್ನ ಬಾಯಿಂದಲೇ ಹೇಳಿದರೆ ನಾನು ಪಕ್ಷಪಾತಿ. ಬೇರೆ ಯಾರಾದರೂ ಹೇಳಿದರೆ ನಾನು ಪಾರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು ನಾನು. ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದೆ.

"ಸಮಯದ ಅಭಾವದಿಂದ ಆಟ ನಿಲ್ಲಿಸತೇನಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕಂಪ್ಯೂಟರ್ ಏನ್ ಹೇಳತೈತಿ ಅದೇ ತೀರ್ಪು. ನಂದೇನೂ ಇಲ್ಲ."

ಚೇತನಾ ತಲೆ ಎತ್ತಿ ನೋಡಿದಳು. ಸ್ವಲ್ಪ ನಕ್ಕಂತೆಯೂ ಕಂಡಿತು. ಕಂಪ್ಯೂಟರ್ ಎಂದರೆ ಎಲ್ಲ ಬಲ್ಲದ್ದು, ಇಷ್ಟು ಸುಲಭದ್ದು ಅದಕ್ಕೆ ತಿಳಿಯದೆ ಇದ್ದೀತೇ ಎಂದುಕೊಂಡಿರಬೇಕು ಪಾಪ.

ಈ ಪ್ರೋಗ್ರಾಮುಗಳು ಹೇಗೆ ಯೋಚಿಸುತ್ತವೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಪಾಪದ ಅಳತೆ ತಿಳಿಯುವುದಿಲ್ಲ. ಅದು ಕಾಯಿಗಳಿಗೆ ಬೆಲೆ ಕಟ್ಟುತ್ತದೆ. ಮಂತ್ರಿಗೆ ಒಂಬತ್ತು, ಆನೆಗೆ ಐದು, ಕಾಲಾಳಿಗೆ ಒಂದು. ಯಾವ ಕಾಯಿ ಎಲ್ಲಿ ನಿಂತಿದೆ ಎಂದು ನೋಡಿ ಸ್ವಲ್ಪ ಕೂಡಿಸುತ್ತದೆ, ಸ್ವಲ್ಪ ಕಳೆಯುತ್ತದೆ. ಆಮೇಲೆ ನಾನು ಹೀಗೆ ಹೋದರೆ ಅವನು ಹಾಗೆ ಎಂದು ಲಕ್ಷಾಂತರ ದಾರಿಗಳನ್ನು ಮುಂದೆ ಮುಂದೆ ನೋಡುತ್ತ ಹೋಗುತ್ತದೆ. ಆಟದ ನಡುವಿನಲ್ಲಿ ಇದರ ಎದುರು ಮನುಷ್ಯನ ಆಟ ಏನೂ ನಡೆಯುವುದಿಲ್ಲ. ಆದರೆ ಕೋಟೆಯ ಮುಂದೆ ಅದಕ್ಕೆ ಕಣ್ಣು ಕಟ್ಟುತ್ತದೆ. ಹತ್ತು ನಡೆ ಮುಂದೆ ನೋಡಿದರೂ ಮಂತ್ರಿ ಸುರಕ್ಷಿತ, ಹದಿನೈದು ನೋಡಿದರೂ ಸುರಕ್ಷಿತ. ಏನೂ ಕಳೆದುಕೊಂಡಿಲ್ಲ, ಹಾಗಾದರೆ ಗೆಲ್ಲುತ್ತಿದ್ದೇನೆ ಎಂದುಕೊಳ್ಳುತ್ತದೆ. ಒಳಗೆ ಹೋಗಲು ದಾರಿಯೇ ಇಲ್ಲ ಎಂಬುದು ಅದಕ್ಕೆ ಹೊಳೆಯುವುದಿಲ್ಲ, ಏಕೆಂದರೆ ದಾರಿ ಇಲ್ಲ ಎಂದು ತಿಳಿಯಲು ಎಣಿಸುವುದು ಸಾಲದು. ಈಗಿನ ಹೊಸ ಪ್ರೋಗ್ರಾಮುಗಳು ಎಷ್ಟೋ ಸುಧಾರಿಸಿವೆ. ನನ್ನ ಮೊಬೈಲಿನಲ್ಲಿದ್ದದ್ದು ಹಳೆಯದು, ಪುಕ್ಕಟೆಯದು.

ಇದೆಲ್ಲ ನನಗೆ ಆವತ್ತು ಗೊತ್ತಿರಲಿಲ್ಲವೇ? ಗೊತ್ತಿತ್ತು. ತೀರ್ಪುಗಾರರ ಪರೀಕ್ಷೆಗೆ ಓದಿದ್ದೆ.

ಏಳು ಕಾಯಿಗಳನ್ನು ಒಂದೊಂದಾಗಿ ಮೊಬೈಲಿನ ಬೋರ್ಡಿನ ಮೇಲೆ ಇಟ್ಟೆ. ಮೂವತ್ತೊಂದು ನಡೆ ಆಗಲೇ ಕಳೆದಿವೆ ಎಂದು ಅದಕ್ಕೆ ಹೇಳಲು ಒಂದು ಖಾನೆ ಇರುತ್ತದೆ. ಅಲ್ಲಿ ಸೊನ್ನೆಯೇ ಇತ್ತು. ಹಾಗೇ ಬಿಟ್ಟೆ. ಒಂದು ನಿಮಿಷ ಓಡಿತು. ಬಿಳಿಗೆ ನಾಲ್ಕು ಪಾಯಿಂಟ್ ಆರು ಎಂದು ತೋರಿಸಿತು. ಅಂದರೆ ಅದರ ಮಟ್ಟಿಗೆ ಬಿಳಿ ಗೆದ್ದ ಹಾಗೆ.

ಶ್ರೀಧರ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಮುಗೀತಲ್ಲರಿ ಮತ್ತ," ಎಂದ.

ಆಗ ಚಂದ್ರಕಾಕಾ ಬಂದರು. ಬೆಳಿಗ್ಗೆಯಿಂದ ಬಾಗಿಲ ಬಳಿಯ ಕಟ್ಟೆಯ ಮೇಲೆ ಕೂತಿದ್ದವರು, ಧೋತರದ ತುದಿ ಹಿಡಿದುಕೊಂಡು ಹಗ್ಗದ ತನಕ ಬಂದು ನಿಂತರು. ದನಿ ಏರಿಸಲಿಲ್ಲ.

"ಮಾಂತೇಶ, ಮಗ್ಗದ ಮ್ಯಾಲಿನ ಸೀರಿಗೆ ಬೆಲಿ ಕಟ್ಟಬಾರದಪಾ," ಎಂದರು.

ನಮ್ಮ ಓಣಿಯಲ್ಲಿ ಇದು ರೂಢಿ. ಎಂಥ ಸಾವುಕಾರ ಬಂದರೂ ಸೀರೆ ಮಗ್ಗದಿಂದ ಇಳಿದು, ಮಡಚಿ ಕೈಗೆ ಬಂದ ಮೇಲೆಯೇ ಬೆಲೆಯ ಮಾತು. ಅರ್ಧ ನೇಯ್ದದ್ದಕ್ಕೆ ಬೆಲೆ ಹೇಳಿದವನನ್ನು ನಮ್ಮ ಹಿರಿಯರು ಹೊಸ್ತಿಲಿನ ಹೊರಗೆ ಕಳಿಸುತ್ತಿದ್ದರು. ಪವರ್‌ಲೂಮಿನ ಮನೆಯಲ್ಲಿ ಬೆಳೆದ ನನಗೂ ಅದು ಗೊತ್ತು.

"ಕಾಕಾ, ಕಂಪ್ಯೂಟರ್ ಹೇಳೈತಿ," ಎಂದೆ.

"ಹೇಳಲಿ. ಹಂಗಾರ ಅದಕ ಆಡಾಕ ಹೇಳು. ಹುಡುಗಿ ಅದರ ಕೂಡ ಆಡತಾಳ. ನಾ ಅಲ್ಲಿಂದನ ಎಣಿಸೇನಿ, ಬರೇ ಹತ್ತೊಂಬತ್ತ ನಡಿ. ಅಟ್ಟರಾಗ ಅದು ಒಳಗ ಬಂತಂದ್ರ ಹುಡುಗಿ ಸೋತಾಳು, ನಾನ ಒಪ್ಪತೇನಿ. ಹೊರಗ ಪಡಸಾಲ್ಯಾಗ ನಿಂತ ಆಡತಾಳ, ಹಾಲ್ ಬಿಟ್ಟ ಕೊಡ್ರಿ."

ಎಷ್ಟು ಸರಳವಾದ ಮಾತು. ಹೊರಗಿನ ಮೆಟ್ಟಿಲ ಮೇಲೆ ಕೂತು ಹದಿನೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಹತ್ತಾರು ಜನ ಕಣ್ಣಾರೆ ನೋಡುತ್ತಿದ್ದರು, ಯಾರೂ ನನ್ನನ್ನು ಪಕ್ಷಪಾತಿ ಎನ್ನುತ್ತಿರಲಿಲ್ಲ. ಆದರೆ ತೀರ್ಪು ಕಂಪ್ಯೂಟರಿನದು ಎಂದು ನಾನು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ. ಮಾತು ಹಿಂದೆ ತೆಗೆದುಕೊಂಡರೆ ಕಾಕಾ ಬಂದದ್ದಕ್ಕೆ ತಿರುಗಿದ ಎನ್ನುತ್ತಾರೆ. ಶ್ರೀಧರ ನನ್ನ ಮುಖವನ್ನೇ ನೋಡುತ್ತಿದ್ದ.

"ನಿಯಮದಾಗ ಇಲ್ಲ ಕಾಕಾ," ಎಂದೆ. ನಾನು ಮಾಡಿದ್ದೂ ನಿಯಮದಲ್ಲಿ ಇರಲಿಲ್ಲ.

ಹಾಳೆಯ ಮೇಲೆ ಬಿಳಿಗೆ ಒಂದು, ಕಪ್ಪಿಗೆ ಸೊನ್ನೆ ಎಂದು ಬರೆದು ಸಹಿ ಮಾಡಿದೆ. ಚೇತನಾಳೂ ಸಹಿ ಮಾಡಬೇಕಿತ್ತು. ಮಾಡಿದಳು. ಅಳಲಿಲ್ಲ, ಜಗಳ ಮಾಡಲಿಲ್ಲ. ರಾಜಶ್ರೀಯ ಕೈ ಕುಲುಕಿದಳು. ಆ ಹುಡುಗಿಗೂ ಪಾಪ ಮುಖ ಎತ್ತಲು ಆಗಲಿಲ್ಲ, ಅವಳಿಗೂ ಚೆಸ್ ಬರುತ್ತಿತ್ತಲ್ಲ. ಅಲ್ಲಿಂದ ಇಳಕಲ್ಲಿಗೆ ಒಂದೇ ಬಸ್ಸು. ನಾನು ಮುಂದೆ ಕೂತೆ, ಅವರಿಬ್ಬರೂ ಹಿಂದೆ. ಅಷ್ಟು ದೂರದ ದಾರಿಯಲ್ಲಿ ಒಂದು ಸಲವೂ ನಾನು ತಿರುಗಿ ನೋಡಲಿಲ್ಲ.

ಮರುದಿನ ಭಾನುವಾರ. ಚಹಾ ಕುಡಿದು ಮೊಬೈಲಿನಲ್ಲಿ ಅದೇ ಏಳು ಕಾಯಿ ಇಟ್ಟು, ಬಿಳಿಯನ್ನು ಪ್ರೋಗ್ರಾಮಿಗೆ ಕೊಟ್ಟು, ಕಪ್ಪನ್ನು ನಾನೇ ಆಡಿದೆ. ಯೋಚನೆ ಮಾಡುವ ಕೆಲಸವೇ ಇರಲಿಲ್ಲ, ಆನೆ ಹೋಗಿ ಬಂದು ಮಾಡಿದರೆ ಸಾಕು. ಹತ್ತೊಂಬತ್ತು ನಡೆ ಆದವು. ನಲವತ್ತಾದವು. ಮಂತ್ರಿ ಕೋಟೆಯ ಸುತ್ತ ತಿರುಗಿತು, ತಿರುಗಿತು, ಒಳಗೆ ಒಂದು ಹೆಜ್ಜೆ ಇಡಲಿಲ್ಲ. ನಾಲ್ಕು ಪಾಯಿಂಟ್ ಆರು ಮಾತ್ರ ಇದ್ದ ಹಾಗೇ ಇತ್ತು. ಐವತ್ತು ಹತ್ತಿರ ಬಂದಾಗ ಒಮ್ಮೆಲೇ ಸೊನ್ನೆ, ಅಂದರೆ ಡ್ರಾ, ಆಯಿತು. ಅದಕ್ಕೂ ಕೊನೆಗೆ ತಿಳಿಯಿತು. ಅದು ನಾಚಿಕೊಳ್ಳಲಿಲ್ಲ, ಮಾತು ಬದಲಿಸಲು ಹಿಂಜರಿಯಲಿಲ್ಲ. ಆ ಒಂದು ಗುಣ ನನಗೆ ಇದ್ದಿದ್ದರೆ ಆವತ್ತೇ ಜಿಲ್ಲಾ ಚೆಸ್ ಸಂಘಕ್ಕೆ ಫೋನ್ ಮಾಡುತ್ತಿದ್ದೆ. ತಂಡದ ಹೆಸರುಗಳು ಬೆಂಗಳೂರಿಗೆ ಹೋಗಲು ಇನ್ನೂ ಮೂರು ದಿನ ಇದ್ದವು.

ಮಾಡಲಿಲ್ಲ. ಮೂರು ದಿನವೂ ಮಾಡಲಿಲ್ಲ.

ಕಾಕಾ ಮಾತು ಬಿಡುತ್ತಾರೆ ಎಂದುಕೊಂಡಿದ್ದೆ. ಬಿಟ್ಟಿದ್ದರೆ ಚೆನ್ನಾಗಿತ್ತು. ವಾರದ ನಂತರ ಓಣಿಯಲ್ಲಿ ಎದುರಾದಾಗ, "ಬರ್ರಿ ಮಾಸ್ತರ, ಚಾ ಕುಡಿಯೋಣು," ಎಂದರು. ಮೂವತ್ತು ವರ್ಷ 'ಬಾರಲೇ ಮಾಂತೇಶ' ಎಂದ ಬಾಯಿ. ಅವತ್ತಿನಿಂದ ಇವತ್ತಿನವರೆಗೆ ಆ ಗೌರವ ತಪ್ಪಿಲ್ಲ. ಬೈಗುಳವನ್ನು ಯಾರು ಬೇಕಾದರೂ ತಡೆದುಕೊಳ್ಳಬಹುದು, ಈ ಮರ್ಯಾದೆ ತಡೆದುಕೊಳ್ಳುವುದು ಬಲು ಕಷ್ಟ.

ಚೇತನಾ ಆಡುವುದನ್ನು ಬಿಟ್ಟಳು. ಸಿಟ್ಟಿನಿಂದ ಅಲ್ಲವಂತೆ. "ಸೋತದ್ದಕ ಬಿಟ್ಟಿಲ್ಲ, ಗೆದ್ದರೂ ಸೋತರೂ ಯಾರೋ ಹೇಳಿದಂಗ ಆಗೂದಾದ್ರ ಆಡೂದ್ಯಾಕ," ಎಂದಳಂತೆ ನನ್ನ ಹೆಂಡತಿಯ ಹತ್ತಿರ. ಅದನ್ನು ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ ನನಗೆ ಹೇಳಿದಳು. ರೊಟ್ಟಿಯ ಜೊತೆ ಅದನ್ನೂ ನುಂಗಿದೆ. ಎಲ್ಲವನ್ನೂ ನುಂಗುವುದು ನನಗೆ ರೂಢಿ.

ಎರಡು ವರ್ಷ ಹೀಗೇ ಕಳೆಯಿತು. ಹೋದ ತಿಂಗಳು ಬಾಗಲಕೋಟೆಯಲ್ಲಿ ತೀರ್ಪುಗಾರರಿಗೆ ಎರಡು ದಿನದ ತರಬೇತಿ. ಹೊರಗಿನಿಂದ ಬಂದಿದ್ದ ತರಬೇತುದಾರ ಒಂದು ಇಡೀ ಮಧ್ಯಾಹ್ನ ಕೊನೆಯಾಟದಲ್ಲಿ ಪ್ರೋಗ್ರಾಮುಗಳು ಎಲ್ಲೆಲ್ಲಿ ಎಡವುತ್ತವೆ ಎಂದು ಪರದೆಯ ಮೇಲೆ ತೋರಿಸಿದ. ಆಮೇಲೆ ಇನ್ನೊಂದು ಬಗೆಯ ಭಂಡಾರ ತೋರಿಸಿದ. ಅದು ಮುಂದೆ ನೋಡುವುದಿಲ್ಲ, ಹಿಂದಕ್ಕೆ ಬರುತ್ತದೆ. ರಾಜ ಸಿಕ್ಕಿಬಿದ್ದ ಕೊನೆಯ ಗಳಿಗೆಯಿಂದ ಶುರುಮಾಡಿ, ಇದಕ್ಕೆ ಮೊದಲು ಏನಿತ್ತು, ಅದಕ್ಕೂ ಮೊದಲು ಏನಿತ್ತು ಎಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಏಳು ಕಾಯಿಗಳವರೆಗಿನ ಪ್ರತಿಯೊಂದು ಸ್ಥಿತಿಯನ್ನೂ ಬರೆದಿಟ್ಟಿದ್ದಾರೆ. ಅಲ್ಲಿ ಅಂದಾಜಿಲ್ಲ, ಬೆಲೆ ಕಟ್ಟುವುದಿಲ್ಲ. ಗೆಲುವು, ಸೋಲು, ಡ್ರಾ, ಮೂರೇ ಮಾತು.

"ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವ ಆಗಿದೆಯೇ?" ಎಂದು ಕೇಳಿದ.

ನಾನು ಎದ್ದು ನಿಂತೆ. ಯಾಕೆ ಎದ್ದೆನೋ. ಎದೆ ಹಗುರ ಮಾಡಿಕೊಳ್ಳಲು ಎಂದು ಆಗ ಅನ್ನಿಸಿತ್ತು. ಏಳು ಕಾಯಿ ಎಲ್ಲೆಲ್ಲಿ ಇದ್ದವು ಎಂದು ಹೇಳಿದೆ, ಎರಡು ವರ್ಷವಾದರೂ ಒಂದೂ ಮರೆತಿರಲಿಲ್ಲ. ಅವನು ಪರದೆಯ ಮೇಲೆ ಇಟ್ಟ. ಕ್ಷಣವೂ ಹಿಡಿಯಲಿಲ್ಲ, ಡ್ರಾ ಎಂದು ಬಂತು. ನನ್ನ ಕಥೆ ಹೇಳಿದೆ. ಮದುವೆಯ ಹಾಲ್, ಹಳೆಯ ಪ್ರೋಗ್ರಾಮು, ನಾಲ್ಕು ಪಾಯಿಂಟ್ ಆರು, ಪ್ರತಿಭಾವಂತ ಬಡ ಹುಡುಗಿ. ಶ್ರೀಧರನನ್ನು ಬಿಟ್ಟೆ. ಕಾಕಾನನ್ನು ಬಿಟ್ಟೆ. ನನಗೆ ಗೊತ್ತಿತ್ತು ಎಂಬುದನ್ನು ಬಿಟ್ಟೆ. ಉಳಿದದ್ದೆಲ್ಲ ಖರೆ.

ಜನ ಚಪ್ಪಾಳೆ ತಟ್ಟಿದರು. ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ತೀರ್ಪುಗಾರ ಅಪರೂಪ ಎಂದ ತರಬೇತುದಾರ. ಚಹಾದ ಹೊತ್ತಿಗೆ ಸಂಘದ ಕಾರ್ಯದರ್ಶಿ ಗುರಲಿಂಗಪ್ಪ ಬಂದು ನನ್ನ ಬೆನ್ನು ತಟ್ಟಿದರು.

"ಒಂದು ಅರ್ಜಿ ಬರದ ಕೊಡ್ರಿ ಮಾಸ್ತರ. ಹಳೇ ದಾಖಲೆ ತಿದ್ದೋಣು. ಆ ಹುಡುಗಿಗೆ ಎರಡನೇ ಸ್ಥಾನದ ಸರ್ಟಿಫಿಕೇಟ್ ಕೊಡೋಣು. ಪೇಪರಿನ್ಯಾಗೂ ಹಾಕಸೋಣು. ನಿಮ್ಮಂಥವರನ್ನ ರಾಜ್ಯಮಟ್ಟಕ್ಕ ತೀರ್ಪುಗಾರ ಮಾಡಿ ಕಳಸಬೇಕ ನೋಡ್ರಿ."

ಅವಳು ಹೋಗಬೇಕಿದ್ದ ಜಾಗಕ್ಕೆ ನಾನು ಹೋಗುವುದು! ನಗು ಬರಬೇಕಿತ್ತು. ಬರಲಿಲ್ಲ. ಬಂದದ್ದು ಆಸೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಚೇತನಾಳಿಗೆ ಈಗ ಇಪ್ಪತ್ತೊಂದು. ಆ ಸರ್ಟಿಫಿಕೇಟು ಅವಳ ಯಾವ ಕೆಲಸಕ್ಕೂ ಬಾರದು. ಆದರೂ ಅವಳಿಗೆ ಸಂತೋಷವಾಗುತ್ತದೆ, ಕಾಕಾ ಮತ್ತೆ 'ಬಾರಲೇ' ಎನ್ನುತ್ತಾರೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಚೇತನಾ ಕಾಲೇಜಿನ ಜೊತೆಗೆ ಇಳಕಲ್ ಬಸ್ ಸ್ಟ್ಯಾಂಡಿನ ಎದುರು ಅರ್ಷದನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅರ್ಜಿ ಟೈಪ್ ಮಾಡುವುದು, ಆನ್‌ಲೈನ್ ಫಾರ್ಮ್ ತುಂಬುವುದು. ಅವಳ ಕೈಯಿಂದಲೇ ಈ ಅರ್ಜಿ ಆಗಲಿ ಎನ್ನಿಸಿತು. ಸುದ್ದಿಯನ್ನು ನಾನೇ ಹೇಳಿದ ಹಾಗೂ ಆಗುತ್ತದೆ. ಶನಿವಾರ ಶಾಲೆ ಬಿಟ್ಟ ಮೇಲೆ ಹುನಗುಂದದಿಂದ ಬಸ್ಸಿಳಿದು ನೇರ ಅಲ್ಲಿಗೆ ಹೋದೆ. ಅರ್ಷದ ಇರಲಿಲ್ಲ. ಮುದುಕಿಯೊಬ್ಬಳು ಆಧಾರ್ ಕಾರ್ಡ್ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಚೇತನಾ ಕಂಪ್ಯೂಟರಿನ ಮುಂದಿದ್ದಳು.

ಎಲ್ಲ ಹೇಳಿದೆ. ಏಳು ಕಾಯಿಯ ಭಂಡಾರ, ಡ್ರಾ, ಸಂಘದವರ ಮಾತು. ಅವಳು ಕೇಳಿಸಿಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ.

"ಮುತ್ಯಾ ಹೇಳಿದ್ದನ್ನ ಅದೂ ಹೇಳಿತೇನ್ರಿ," ಎಂದಳು.

"ಹೌದವಾ. ಖರೆ ಆತು ನೋಡು."

"ಖರೆ ಆಗಿದ್ದು ಈಗಲ್ಲರಿ ಸರ," ಎಂದು ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಮೊದಲು ನಾನು ಅವಳಿಗೆ ಮಾಂತೇಶ ಕಾಕಾ ಆಗಿದ್ದೆ. "ಹೇಳ್ರಿ, ಟೈಪ್ ಮಾಡತೇನಿ."

ನಾನು ಹೇಳತೊಡಗಿದೆ. ಇವರಿಗೆ, ಇವರಿಂದ, ವಿಷಯ, ಮಾನ್ಯರೇ. ಅವಳ ಬೆರಳುಗಳು ಬಲು ಚುರುಕು, ನನ್ನ ಮಾತಿಗಿಂತ ಮುಂದೆ ಓಡುತ್ತಿದ್ದವು. "ಸದರಿ ಪಂದ್ಯದಲ್ಲಿ ಕುಮಾರಿ ಚೇತನಾ ಇವರ ಆಟವು ಡ್ರಾ ಆಗಬೇಕಾಗಿದ್ದು, ಅಂದು ಬಳಸಿದ ಕಂಪ್ಯೂಟರ್ ಪ್ರೋಗ್ರಾಮಿನ ದೋಷದಿಂದಾಗಿ..."

ಬೆರಳು ನಿಂತವು.

"ದೋಷ ಪ್ರೋಗ್ರಾಮಿಂದು ಅಂತ ಬರೀಲೇನ್ರಿ?"

"ಹೂಂ. ಅದರದ್ದ ಅಲ್ಲೇನು?"

"ಅದಕ ತಿಳಿದಷ್ಟ ಅದು ಹೇಳಿತ್ತರಿ. ಮೂವತ್ತೊಂದ ನಡಿ ಆಗಿದ್ದನ್ನ ನೀವು ಅದಕ ಹೇಳಿರಲಿಲ್ಲ. ನಾ ಎದುರಿಗೆ ಕುಂತ ನೋಡೇನಿ, ಸೊನ್ನಿ ಇತ್ತು." ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಫಾರ್ಮಿನಲ್ಲಿ ತಂದೆಯ ಹೆಸರು ತಪ್ಪಿದೆ ಎಂದು ಹೇಳುವ ಹಾಗೆ ಇತ್ತು. "ಮುತ್ಯಾ ನಿಮಗೂ ಆ ಕೋಟಿ ಕಲಸಿದ್ದರಂತ."

"ಕಲಸಿದ್ದರು."

"ಹಂಗಾರ ಆವತ್ತು ನಿಮಗ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ಉತ್ತರಕ್ಕೆ ಅವಳು ಕಾದಳು. ಬಾಗಿಲಲ್ಲಿ ಕೂತ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಚೆಸ್ ಗೊತ್ತಿಲ್ಲ, ನನ್ನ ಗುರುತೂ ಇಲ್ಲ. ಅವಳ ಮುಂದೆ ಕೂಡ ನನಗೆ ಹೌದು ಎನ್ನಲು ಆಗಲಿಲ್ಲ. ತೀರ್ಪುಗಾರನ ತಪ್ಪಿನಿಂದ ಎಂದು ಬರೆಸಿದರೆ ಗುರಲಿಂಗಪ್ಪನವರು ಏನೆಂದಾರು, ಪೇಪರಿನಲ್ಲಿ ಹೇಗೆ ಬಂದೀತು, ರಾಜ್ಯಮಟ್ಟದ ಮಾತು ಏನಾದೀತು ಎಂದು ಒಂದೊಂದೇ ನಡೆ ಮುಂದೆ ಮುಂದೆ ಎಣಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ನನ್ನ ನೆತ್ತಿಯ ಮೇಲೇ ಕೂತಿತ್ತು, ಕೊಡವಿಕೊಂಡೆ.

"ಪ್ರೋಗ್ರಾಮಿಂದು ಅಂತನ ಇರಲೆವಾ," ಎಂದೆ. "ಸಂಘದವರು ಹಂಗ ಹೇಳ್ಯಾರ." ಅವರು ಹಾಗೆ ಹೇಳಿರಲಿಲ್ಲ.

ಅವಳು ಹಾಗೇ ಟೈಪ್ ಮಾಡಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ನಾನು ಅವಸರದಲ್ಲಿ ಬಿಟ್ಟಿದ್ದ ತಾರೀಖನ್ನೂ ತಾನೇ ಹಾಕಿದಳು. ಕೊನೆಗೆ ತಮ್ಮ ವಿಶ್ವಾಸಿ ಎಂದು ಹೊಡೆದು ನನ್ನ ಹೆಸರು ಬರೆದಳು. ಪ್ರಿಂಟರಿನ ಗುಂಡಿ ಒತ್ತುವ ಮೊದಲು ನನ್ನ ಕಡೆ ತಿರುಗಿದಳು.

"ಎಷ್ಟು ಕಾಪಿ ತೆಗೀಲಿರಿ ಸರ?"

"ಮೂರು," ಎಂದೆ. ಸಂಘಕ್ಕೊಂದು, ಪೇಪರಿನವರಿಗೊಂದು, ನನ್ನ ಫೈಲಿಗೊಂದು.